ರೋಸ್ ಚಪ್ಪರದಲ್ಲಿ ವಿದೇಶಿ ಅತಿಥಿ

ಕ್ರಿಸ್ಮಸ್ ಗೋದಲಿಯನ್ನು ತೆಗೆದಿರಿಸಿದ ದಿನದಿಂದ ವಿಭೂತಿ ಬುಧವಾರದವರೆಗಿನ ಕೆಲವು ವಾರಗಳು ಕರಾವಳಿಯ ಕಥೋಲಿಕರಿಗೆ ಮದುವೆಯ ದಿನಗಳು. ತಪಸ್ಸುಕಾಲದಲ್ಲಿ ಮದುವೆಯ ಸಂಭ್ರಮಕ್ಕೆ ಎಡೆಯಿಲ್ಲ. ಹೊರದೇಶಗಳಲ್ಲಿ ದುಡಿಯುವ ಮಕ್ಕಳಿಗೆ ರಜೆ ದೊರೆಯುವುದೂ ಹೆಚ್ಚಾಗಿ ಈ ಅವಧಿಯಲ್ಲಿಯೇ. ಆದುದರಿಂದ ಮಂಗಳೂರು, ಉಡುಪಿ ಕಡೆಯ ಸಭಾಭವನಗಳಿಗೆ ಜನವರಿಯಲ್ಲಿ ಬಿಡುವೆಂಬುದಿಲ್ಲ. ಈ ಮದುವೆಗಳ ನೆಂಟರ ಸಾಲಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೊಸ ಮುಖಗಳೂ ಕಾಣಿಸುತ್ತಿವೆ. ವಧುವಿನೊಂದಿಗೆ ಜರ್ಮನಿಯ ಆಸ್ಪತ್ರೆಯಲ್ಲಿ ದುಡಿಯುವ ದಾದಿ, ವರನೊಡನೆ ಐರ್ಲೆಂಡಿನಲ್ಲಿ ಓದಿದ ಸಹಪಾಠಿ, ದುಬೈಯ ಕಚೇರಿಯ ಮೇಲಧಿಕಾರಿ ಮತ್ತು ಅವರ ಪತ್ನಿ, ಹೀಗೆ ವಿದೇಶೀಯರು ನಮ್ಮ ಮದುವೆಯ ಊಟಕ್ಕೆ ಕುಳಿತಿರುವುದು ಈಗ ಬೆರಗಿನ ಸಂಗತಿಯಾಗಿ ಉಳಿದಿಲ್ಲ.

ಇವರು ಬರುವಾಗ ಮನಸ್ಸಿನಲ್ಲಿ ಒಂದು ಚಿತ್ರವನ್ನು ಹೊತ್ತು ಬರುತ್ತಾರೆ. ಹಿಂದಿ ಚಲನಚಿತ್ರಗಳೂ ಪ್ರವಾಸದ ಪುಸ್ತಕಗಳೂ ಬಿಡಿಸಿಕೊಟ್ಟ ಚಿತ್ರವದು: ಕುದುರೆಯೇರಿ ಬರುವ ವರ, ಅಗ್ನಿಸಾಕ್ಷಿ, ಸಪ್ತಪದಿ, ಅಂಗೈ ತುಂಬ ಮೆಹಂದಿ, ವಾರವಿಡೀ ನಡೆಯುವ ಹಾಡು ಕುಣಿತ. ಅದಕ್ಕೆ ತಕ್ಕ ಉಡುಪು ಬೇಕೆಂದು ಗಂಡಸರು ಜರಿಯ ಶೇರವಾನಿಯನ್ನು ಕೊಂಡು, ಹೆಂಗಸರು ನೆರೆಮನೆಯವರ ಕೈಯಿಂದ ಸೀರೆ ಉಡಿಸಿಕೊಂಡು ಇಗರ್ಜಿಗೆ ಬರುತ್ತಾರೆ. ಅಲ್ಲಿ ನೋಡಿದರೆ ವರ ಕಪ್ಪು ಕೋಟು, ಟೈ ಧರಿಸಿ ನಿಂತಿದ್ದಾನೆ. ವಧು ಮುಡಿಯಿಂದ ಬಿಳಿಯ ಪರದೆಯನ್ನು ಇಳಿಬಿಟ್ಟು ಗೌನಿನಲ್ಲಿ ಬರುತ್ತಾಳೆ. ಮದುವೆಯ ಮನೆಯವರಿಗಿಂತ ಅತಿಥಿಯೇ ಹೆಚ್ಚು ಭಾರತೀಯನಾಗಿ ಕಾಣುವ ಈ ದೃಶ್ಯವನ್ನು ಕಂಡು ನಗದಿರುವುದು ಕಷ್ಟ. ಬಳಿಕ ಸತ್ಕಾರಕೂಟದಲ್ಲಿ ಬ್ಯಾಂಡು, ಅಂತಸ್ತು ಅಂತಸ್ತಾದ ಕೇಕು, ದ್ರಾಕ್ಷಾರಸದ ಬಟ್ಟಲೆತ್ತಿ ಶುಭ ಕೋರುವ ಟೋಸ್ಟು. "ಇದೆಲ್ಲ ನಮ್ಮೂರಿನ ಮದುವೆಯ ಹಾಗೆಯೇ ಇದೆಯಲ್ಲ" ಎಂದು ಆ ಅತಿಥಿಗಳು ಸೌಜನ್ಯದಿಂದಲೇ ಹೇಳುತ್ತಾರೆ. ಆದರೆ ಆ ಸೌಜನ್ಯದ ಹಿಂದೆ ಕೊಂಚ ನಿರಾಶೆ ಇಲ್ಲದಿಲ್ಲ.

ಇದಕ್ಕಾಗಿ ನಾವು ನಾಚಬೇಕಾಗಿಲ್ಲ. ಗೋವೆಯಿಂದ ತೆಂಕಣಕ್ಕೆ ವಲಸೆ ಬಂದು, ಪೋರ್ಚುಗೀಸರ ಧರ್ಮಾಡಳಿತವನ್ನೂ ಆಂಗ್ಲರ ರಾಜ್ಯಾಡಳಿತವನ್ನೂ ಕಂಡ ಸಮುದಾಯ ನಮ್ಮದು. ಕೋಟು ಗೌನುಗಳೂ ನಮ್ಮ ಚರಿತ್ರೆಯಲ್ಲಿ ಸೇರಿಹೋಗಿವೆ. ನಿಜವಾದ ಸಂಗತಿಯೆಂದರೆ, ಈ ಅತಿಥಿ ಒಂದು ದಿನ ತಡವಾಗಿ ಬಂದಿದ್ದಾನೆ. ಅವನು ಅರಸಿ ಬಂದ ಮದುವೆ ಹಿಂದಿನ ಸಂಜೆಯೇ ಮನೆಯಂಗಳದ ಚಪ್ಪರದಲ್ಲಿ ನಡೆದುಹೋಗಿದೆ. ಅದರ ಹೆಸರು ರೋಸ್.

ರೋಸ್ ಎಂದರೆ ಕೊಂಕಣಿಯಲ್ಲಿ ತೆಂಗಿನಕಾಯಿಯ ಹಾಲು. ವಧುವಿನ ಮನೆಯಲ್ಲಿಯೂ ವರನ ಮನೆಯಲ್ಲಿಯೂ ಬೇರೆ ಬೇರೆಯಾಗಿ ನಡೆಯುವ ಈ ಆಚರಣೆಯಲ್ಲಿ ಮದುಮಗಳನ್ನು ಅಥವಾ ಮದುಮಗನನ್ನು ಧೆಡಿ, ಧೆಡೊ ಎಂದು ಕರೆಯಲ್ಪಡುವ ಒಡನಾಡಿಗಳ ನಡುವೆ ಕುಳ್ಳಿರಿಸುತ್ತಾರೆ. ತಂದೆ ತಾಯಿ ಮೊದಲಾಗಿ, ಬಂಧುಗಳು, ನೆರೆಹೊರೆಯವರು ಒಬ್ಬೊಬ್ಬರಾಗಿ ಬಂದು ಹಣೆಗೆ ಎಣ್ಣೆಯಿಂದ ಶಿಲುಬೆಯ ಗುರುತಿಟ್ಟು, ತೆಂಗಿನ ಹಾಲನ್ನು ತಲೆ, ತೋಳುಗಳಿಗೆ ಸವರಿ ಹರಸುತ್ತಾರೆ. ಇದು ನಡೆಯುತ್ತಿರುವಷ್ಟು ಹೊತ್ತೂ ಹಿರಿಯ ಹೆಂಗಸರು ವೊವಿಯೊ ಹಾಡುತ್ತಾರೆ. ಒಬ್ಬಾಕೆ ಸಾಲನ್ನೆತ್ತಿಕೊಟ್ಟರೆ ಉಳಿದವರು ದನಿಗೂಡಿಸುವ ಹಾಡುಗಳಿವು. ಪಿತ, ಸುತ, ಪವಿತ್ರಾತ್ಮರ ಸ್ಮರಣೆಯಿಂದ ತೊಡಗಿ, ಚಪ್ಪರವನ್ನೂ ತೆಂಗನ್ನೂ ಹೆತ್ತವರನ್ನೂ ನೆರೆದವರನ್ನೂ ಕುರಿತು ಮುಂದುವರಿಯುತ್ತವೆ. ಹಾಡುಗಾರ್ತಿಯಲ್ಲಿ ಪ್ರತಿಭೆಯಿದ್ದರೆ ಎದುರಿಗಿರುವವರ ಹೆಸರನ್ನೂ ಸಮಯಕ್ಕೆ ತಕ್ಕಂತೆ ಹೆಣೆದುಬಿಡುತ್ತಾಳೆ. ಹಾಡು ಮುಗಿದ ಬಳಿಕ ಸ್ನಾನ, ಅನಂತರ ಊಟ. ಸಾನ್ನಾಂ, ಹಂದಿಮಾಂಸದ ಪದಾರ್ಥ, ತೊಂಡೆಕಾಯಿ ಗೇರುಬೀಜದ ಪಲ್ಯ, ಕೊನೆಯಲ್ಲಿ ಬೆಲ್ಲ ಮತ್ತು ಇದೇ ತೆಂಗಿನ ಹಾಲಿನಲ್ಲಿ ಕುದಿಸಿದ ವೊರ್ನ್.

ಬೆಳ್ತಂಗಡಿ ಕಡೆಯ ಒಂದು ಮನೆಯ ರೋಸಿಗೆ ಮದುಮಗಳ ಸಹೋದ್ಯೋಗಿಗಳಾದ ಇಬ್ಬರು ಜರ್ಮನ್ ಮಹಿಳೆಯರು ಎರಡು ದಿನ ಮುಂಚಿತವಾಗಿಯೇ ಬಂದಿದ್ದರು. ಅವರಲ್ಲಿ ಒಬ್ಬಾಕೆ ಕಥೋಲಿಕಳು, ಮತ್ತೊಬ್ಬಾಕೆ ಲೂಥರನ್ ಸಭೆಯವಳು. ಮನೆಯವರು ಅವರಿಗಾಗಿ ಚಪ್ಪರದ ಮುಂದಿನ ಸಾಲಿನಲ್ಲಿ ಮೆತ್ತನೆಯ ಕುರ್ಚಿ ಹಾಕಿಸಿ, ವಿದ್ಯುತ್ ಪಂಖವನ್ನು ಅವರತ್ತಲೇ ತಿರುಗಿಸಿ ಇರಿಸಿದ್ದರು. ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ಕುರ್ಚಿಗಳು ಖಾಲಿ. ಅತಿಥಿಗಳಿಬ್ಬರೂ ಹಿತ್ತಲಲ್ಲಿ ನೆರೆಮನೆಯ ಹೆಂಗಸರ ನಡುವೆ ಕುಳಿತು ತೆಂಗಿನಕಾಯಿ ತುರಿಯಲು ಕಲಿಯುತ್ತಿದ್ದರು. ಆ ನೆರೆಯವರಲ್ಲಿ ಕ್ರೈಸ್ತರಷ್ಟೇ ಅಲ್ಲ, ಬಂಟರೂ ಬಿಲ್ಲವರೂ ಇದ್ದರು. ತೆಂಗಿನಕಾಯಿಗಳಲ್ಲಿ ಒಂದಷ್ಟು ಅವರ ತೋಟದಿಂದಲೇ ಬಂದಿದ್ದವು. ತುರಿಮಣೆಯ ಹಲ್ಲಿಗೆ ಬೆರಳು ತಗುಲೀತೆಂದು ಮದುಮಗಳ ಅಜ್ಜಿ, "ಜಾಗ್ರತೆ ಬಾಯೆ, ಜಾಗ್ರತೆ" ಎಂದು ಕೊಂಕಣಿಯಲ್ಲಿಯೇ ಎಚ್ಚರಿಸುತ್ತಿದ್ದರು. ಭಾಷೆಯ ತೊಡಕೇನೂ ಆದಂತೆ ಕಾಣಲಿಲ್ಲ.

ತೊಡಕು ಬಂದದ್ದು ಬಳಿಕ. ಲೂಥರನ್ ಮಹಿಳೆ ಒಂದು ಸರಳ ಪ್ರಶ್ನೆ ಕೇಳಿದಳು: ತೆಂಗಿನ ಹಾಲನ್ನೇ ಏಕೆ ಹಚ್ಚುತ್ತೀರಿ? ಮದುಮಗಳ ಚಿಕ್ಕಪ್ಪ, "ಅದು ನಮ್ಮ ಸಂಪ್ರದಾಯ" ಎಂದರು. ಸಂಪ್ರದಾಯವೆಂಬುದು ಅವಳಿಗೂ ಗೊತ್ತಿತ್ತು; ಅವಳು ಕೇಳಿದ್ದು ಅರ್ಥವನ್ನು. ಮೈಕಾಂತಿಗೆ ಒಳ್ಳೆಯದು ಎಂದಳು ಒಬ್ಬ ತರುಣಿ. ತಮಾಷೆಗಾಗಿ ಎಂದ ಮತ್ತೊಬ್ಬ ಹುಡುಗ. ಕಾಲೇಜಿನಲ್ಲಿ ಪಾಠ ಹೇಳುವವರೊಬ್ಬರು ಇದು ಮೊದಲಿನ ಹಿಂದೂ ಆಚಾರದ ಉಳಿಕೆ ಎಂದು ವಿವರಿಸಿದರು. ಅದೂ ಸುಳ್ಳಲ್ಲ, ಆದರೆ ಆ ಉತ್ತರ ಎಲ್ಲಿಂದ ಬಂತೆಂಬುದನ್ನು ಹೇಳುತ್ತದೆಯೇ ಹೊರತು ಏಕೆಂಬುದನ್ನು ಹೇಳುವುದಿಲ್ಲ. ಕೊನೆಗೆ ಪ್ರಶ್ನೆ ಅಜ್ಜಿಯ ಬಳಿಗೆ ಹೋಯಿತು. ಮೊಮ್ಮಗಳು ಅನುವಾದಿಸಿದಳು. ಅಜ್ಜಿ ಸ್ವಲ್ಪ ಯೋಚಿಸಿ ಹೇಳಿದ ಮಾತಿನ ಸಾರವಿಷ್ಟು: ಇದು ಈ ಮನೆಯ ತೆಂಗು, ಈ ಮನೆಯ ಕಲ್ಲಿನಲ್ಲಿ ಅರೆದು ಹಿಂಡಿದ ಹಾಲು, ಹುಟ್ಟಿದಾಗಿನಿಂದ ಅವಳು ಉಂಡದ್ದು ಇದನ್ನೇ. ನಾಳೆಯಿಂದ ಅವಳಿಗೆ ಬೇರೆ ಮನೆಯ ತೆಂಗು, ಬೇರೆ ಮನೆಯ ಒಲೆ. ಕೊಟ್ಟುಕಳುಹಿಸುವ ಮೊದಲು ಒಮ್ಮೆ ತಲೆಯಿಂದ ಕಾಲಿನವರೆಗೆ ಈ ಮನೆಯ ಹಾಲಿನಲ್ಲಿ ಮೀಯಿಸಿ ಕಳುಹಿಸುತ್ತೇವೆ.

ಆ ಮನೆಯ ಮಕ್ಕಳು ಮೊಮ್ಮಕ್ಕಳಲ್ಲಿ ಯಾರೂ ಈ ಮಾತನ್ನು ಅದಕ್ಕೆ ಮೊದಲು ಕೇಳಿರಲಿಲ್ಲ. ಯಾರೂ ಅಜ್ಜಿಯನ್ನು ಪ್ರಶ್ನಿಸಿರಲಿಲ್ಲ, ಅಷ್ಟೆ. ಸಾವಿರಾರು ಮೈಲಿ ದೂರದಿಂದ ಬಂದ ಹೆಂಗಸೊಬ್ಬಳು ಕೇಳದಿದ್ದರೆ ಆ ಉತ್ತರ ಅಜ್ಜಿಯೊಂದಿಗೇ ಮಣ್ಣಾಗುತ್ತಿತ್ತೋ ಏನೋ.

ನಮ್ಮ ಮದುವೆಗಳನ್ನು ವಿದೇಶೀಯರು ನೋಡುತ್ತಿರುವುದು ಇದು ಮೊದಲ ಸಲವಲ್ಲ. ಹಿಂದೆ ನೋಡಿದವರೆಲ್ಲರೂ ಅತಿಥಿಗಳಾಗಿ ಬಂದವರೂ ಅಲ್ಲ. 1736ರ ಏಪ್ರಿಲ್ 14ರಂದು ಗೋವೆಯ ಇನ್‌ಕ್ವಿಸಿಷನ್ ನ್ಯಾಯಮಂಡಳಿ ಹೊರಡಿಸಿದ ಶಾಸನವೊಂದನ್ನು ಅ. ಕಾ. ಪ್ರಿಯೋಳ್ಕರರು 1961ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಪರಿಚಯಿಸಿದ್ದಾರೆ. ಅಲ್ಲಿನ ಕ್ರೈಸ್ತರ ಮದುವೆಯ ಆಚಾರಗಳನ್ನು ಒಂದೊಂದಾಗಿ ಹೆಸರಿಸಿ ನಿಷೇಧಿಸುವ ಶಾಸನವದು. ಮದುವೆಗೆ ಮುನ್ನ ವಧೂವರರಿಗೆ ಅರಿಸಿನ, ತೆಂಗಿನ ಹಾಲು, ಎಣ್ಣೆ ಮುಂತಾದವನ್ನು ಹಚ್ಚುವುದು ನಿಷಿದ್ಧ. ವೊವಿಯೊ ಹಾಡುವುದು ನಿಷಿದ್ಧ. ವೀಳ್ಯ, ಅಡಕೆ, ಹೂಗಳ ಉಪಚಾರವೂ ನಿಷಿದ್ಧ. ಇಂದು ನಾವು ರೋಸ್ ಎಂದು ಕರೆಯುವ ಸಂಜೆಯ ವಿವರಗಳೆಲ್ಲ ಆ ಪಟ್ಟಿಯಲ್ಲಿ ಅಪರಾಧಗಳಾಗಿ ದಾಖಲಾಗಿವೆ. ಅದನ್ನು ಬರೆದವರ ಕಣ್ಣು ಬಹಳ ಸೂಕ್ಷ್ಮವಾಗಿತ್ತು ಎಂಬುದನ್ನು ಒಪ್ಪಬೇಕು. ಇಂದಿನ ಛಾಯಾಗ್ರಾಹಕರು ಬಿಟ್ಟುಬಿಡುವ ಸಂಗತಿಗಳನ್ನೂ ಅವರು ಕಂಡಿದ್ದರು. ಆದರೆ ಅರ್ಥವನ್ನು ಅಜ್ಜಿಯರ ಬಳಿ ವಿಚಾರಿಸುವ ಗೋಜಿಗೆ ಅವರು ಹೋಗಲಿಲ್ಲ.

ನಮ್ಮ ಪೂರ್ವಜರಲ್ಲಿ ಅನೇಕರು ಅಷ್ಟರೊಳಗೆ ಪೋರ್ಚುಗೀಸರ ಆಡಳಿತದ ಹೊರಗೆ, ಕೆಳದಿ ನಾಯಕರ ಸೀಮೆಯಲ್ಲಿ ಗದ್ದೆ ತೋಟ ಮಾಡಿಕೊಂಡು ನೆಲೆಸಿದ್ದರು. ಇನ್‌ಕ್ವಿಸಿಷನ್ 1812ರಲ್ಲಿ ರದ್ದಾಯಿತು. ಗೋವೆಯಲ್ಲಿಯೂ ರೋಸ್ ಅಳಿಯಲಿಲ್ಲ, ಇಲ್ಲಿಯೂ ಅಳಿಯಲಿಲ್ಲ.

ವಿಪರ್ಯಾಸವೇನೆಂದರೆ, ಧರ್ಮಸಭೆಯ ಅತ್ಯುಚ್ಚ ಬೋಧನೆ ಆ ಶಾಸನಕ್ಕಿಂತ ಬಹಳ ಮೊದಲೇ ಬೇರೊಂದು ಮಾತನ್ನು ಹೇಳಿತ್ತು. 1563ರ ನವೆಂಬರಿನಲ್ಲಿ ಟ್ರೆಂಟ್ ಮಹಾಸಭೆ ವಿವಾಹ ಸಂಸ್ಕಾರವನ್ನು ಕುರಿತು ಕಟ್ಟುನಿಟ್ಟಾದ ವಿಧಿಗಳನ್ನು ರೂಪಿಸಿತು. ಧರ್ಮಕೇಂದ್ರದ ಗುರುಗಳೂ ಸಾಕ್ಷಿಗಳೂ ಇಲ್ಲದೆ ನಡೆದ ಮದುವೆ ಸಿಂಧುವಲ್ಲವೆಂದು ಸಾರಿದ ಆ ಸಭೆಯೇ, ಆಯಾ ಪ್ರಾಂತ್ಯದಲ್ಲಿ ಮದುವೆಗೆ ಸಂಬಂಧಿಸಿದ ಶ್ಲಾಘನೀಯ ಆಚಾರಗಳೇನಾದರೂ ಇದ್ದಲ್ಲಿ ಅವನ್ನು ಉಳಿಸಿಕೊಳ್ಳಬೇಕೆಂಬ ತನ್ನ ಆಶಯವನ್ನು ಅದೇ ಆಜ್ಞೆಯಲ್ಲಿ ಸೇರಿಸಿತ್ತು. ಗೋವೆಯಲ್ಲಿ ಇನ್‌ಕ್ವಿಸಿಷನ್ ಸ್ಥಾಪನೆಯಾಗಿ ಆಗ ಮೂರೇ ವರ್ಷಗಳಾಗಿದ್ದವು. ಯಾವುದು ಶ್ಲಾಘನೀಯ, ಯಾವುದು ಅಲ್ಲ ಎಂದು ತೀರ್ಮಾನಿಸುವವರು ಯಾರು ಎಂಬುದರಲ್ಲಿಯೇ ಎಲ್ಲವೂ ನಿಂತಿತ್ತು.

ತಾಳಿಯ ವಿಷಯದಲ್ಲಿಯೂ ಇಂತಹುದೇ ಕಥೆ. 1703ರ ಕೊನೆಯಲ್ಲಿ ಪುದುಚೇರಿಗೆ ಬಂದಿಳಿದ ಪೋಪರ ರಾಯಭಾರಿ ತೂರ್ನೋನ್ ಅಲ್ಲಿ ಸುಮಾರು 8 ತಿಂಗಳು ತಂಗಿ, 1704ರ ಜೂನಿನಲ್ಲಿ ಮಧುರೈ, ಮೈಸೂರು, ಕರ್ನಾಟಿಕ್ ಮಿಷನ್ನುಗಳಿಗೆ ಅನ್ವಯಿಸುವ ಆಜ್ಞೆಯನ್ನು ಹೊರಡಿಸಿದರು. ಗಣಪತಿಯ ರೂಪವಿರುವ ತಾಳಿಯನ್ನು ಕ್ರೈಸ್ತ ವಧುಗಳು ಧರಿಸಕೂಡದು. ಶಿಲುಬೆಯ ಅಥವಾ ಮಾತೆ ಮರಿಯಮ್ಮನವರ ರೂಪವಿದ್ದರೆ ಧರಿಸಬಹುದು. ಮದುವೆಯಲ್ಲಿ ತೆಂಗಿನಕಾಯಿ ಒಡೆದು ಶಕುನ ನೋಡುವುದನ್ನೂ ಅವರು ತಡೆದರು. ಈ ವಿವಾದ ಮುಂದೆ ದಶಕಗಳ ಕಾಲ ನಡೆದುದನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಮೈಸೂರು, ಬೆಂಗಳೂರು ಕಡೆಯ ನಮ್ಮ ಬಾಂಧವರ ಮದುವೆಗಳಲ್ಲಿ ವರನು ಇಂದಿಗೂ ಶಿಲುಬೆಯ ಗುರುತಿನ ತಾಳಿಯನ್ನೇ ಕಟ್ಟುತ್ತಾನೆ. ನಮ್ಮ ಕರಾವಳಿಯಲ್ಲಿ ಕರಿಮಣಿ ಪೋಣಿಸಿದ ಪಿರ್ದುಕ್ ಅದರ ಸ್ಥಾನದಲ್ಲಿದೆ.

ಇಂಥವರ ಜೊತೆಗೆ ಬೇರೆ ಬಗೆಯ ವಿದೇಶೀಯರನ್ನೂ ನೆನೆಯಬೇಕು. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದ ಇಟಲಿಯ ಯೇಸುಸಭೆಯ ಗುರುಗಳು ನಮ್ಮ ಮಾತನ್ನು ಕಲಿಯುವುದರಿಂದ ತೊಡಗಿದರು. ಆಂಜೆಲೊ ಮಫೇಯಿಯವರು ಕೆಲವೇ ವರ್ಷಗಳಲ್ಲಿ, 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ನಿಘಂಟನ್ನೂ ಹೊರತಂದರು. ಬಳಿಕ 1965ರಲ್ಲಿ, ಕೆನರಾ ಕ್ರೈಸ್ತರ ಇತಿಹಾಸವನ್ನು ಬರೆದ ಸೆವರಿನ್ ಸಿಲ್ವ ಸ್ವಾಮಿಗಳೂ ಆಸ್ಟ್ರಿಯ ಮೂಲದ ಎಸ್.ವಿ.ಡಿ. ಸಭೆಯ ಮಾನವಶಾಸ್ತ್ರಜ್ಞ ಸ್ಟೀಫನ್ ಫುಕ್ಸ್ ಸ್ವಾಮಿಗಳೂ ಜೊತೆಗೂಡಿ, ದಕ್ಷಿಣ ಕನ್ನಡದ ಕ್ರೈಸ್ತರ ಮದುವೆಯ ಆಚಾರಗಳನ್ನೇ ವಿಷಯವಾಗಿಟ್ಟುಕೊಂಡು ದೀರ್ಘ ಲೇಖನವೊಂದನ್ನು ಪ್ರಕಟಿಸಿದರು. ಜಪಾನಿನಿಂದ ಹೊರಡುತ್ತಿದ್ದ ಏಷ್ಯಾದ ಜಾನಪದ ಅಧ್ಯಯನದ ಪತ್ರಿಕೆಯಲ್ಲಿ ಅದು ಬೆಳಕು ಕಂಡಿತು. ಊರಿನವರೊಬ್ಬರು, ಹೊರಗಿನವರೊಬ್ಬರು, ಇಬ್ಬರೂ ಧರ್ಮಗುರುಗಳು! 1736ರಲ್ಲಿ ಅಪರಾಧಪಟ್ಟಿಗೆ ಸೇರಿದ್ದ ಆಚಾರಗಳು 229 ವರ್ಷಗಳ ಬಳಿಕ ಇಬ್ಬರು ಗುರುಗಳ ಲೇಖನಿಯಿಂದ ವಿದ್ವತ್ತಿನ ವಿಷಯವಾದವು. ನಡುವೆ 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯನ್ನು ಕುರಿತ ತನ್ನ ಸಂವಿಧಾನದ 77ನೆಯ ಪರಿಚ್ಛೇದದಲ್ಲಿ ಟ್ರೆಂಟ್ ಸಭೆಯ ಆ ಹಳೆಯ ಆಶಯವನ್ನೇ ಮತ್ತೆ ಎತ್ತಿಹಿಡಿದಿತ್ತು ಎಂಬುದನ್ನು ಮರೆಯುವಂತಿಲ್ಲ.

ಹೀಗೆ ನಿಷೇಧವನ್ನು ದಾಟಿ ಉಳಿದು ಬಂದ ರೋಸಿಗೆ ಇಂದು ಯಾವ ನ್ಯಾಯಮಂಡಳಿಯ ಭಯವೂ ಇಲ್ಲ. ಆದರೆ ಕೆಲವು ಮನೆಗಳಲ್ಲಿ ಅದು ಪಡುತ್ತಿರುವ ಪಾಡನ್ನು ಕಂಡರೆ, ನಿಷೇಧದ ಕಾಲದಲ್ಲಿಯೇ ಅದಕ್ಕೆ ಹೆಚ್ಚು ಗೌರವವಿತ್ತೇನೋ ಅನಿಸುತ್ತದೆ. ವರನ ಮನೆಗಳಲ್ಲಿ ಗೆಳೆಯರ ಗುಂಪು ಸೇರಿ ತೆಂಗಿನ ಹಾಲಿನ ಬಟ್ಟಲನ್ನು ಬದಿಗಿರಿಸಿ ಮದುಮಗನ ತಲೆಯ ಮೇಲೆ ಕೋಳಿಮೊಟ್ಟೆ ಒಡೆಯುವುದು, ಟೊಮೆಟೊ ಹಿಸುಕುವುದು, ಬಿಯರ್ ಸುರಿಯುವುದು ಸಾಮಾನ್ಯವಾಗುತ್ತಿದೆ. ಹರಸುವ ಕೈಗಳ ಜಾಗದಲ್ಲಿ ಅಣಕಿಸುವ ಕೈಗಳು. ಧರ್ಮಗುರುಗಳು ಪೀಠದಿಂದ ಎಷ್ಟೋ ಸಲ ಎಚ್ಚರಿಸಿದ್ದಾರೆ; ಮನೆಯ ಹಿರಿಯರು, "ಒಂದು ದಿನದ ಹುಡುಗಾಟ, ಬಿಟ್ಟುಬಿಡಿ" ಎನ್ನುತ್ತಾರೆ. ಇಂತಹ ಒಂದು ರೋಸಿಗೆ ಬಂದಿದ್ದ ವಿದೇಶಿ ಯುವಕನೊಬ್ಬ ಕೈಗೆ ಕೊಟ್ಟ ಮೊಟ್ಟೆಯನ್ನು ಹಿಡಿದುಕೊಂಡು, ಇದನ್ನು ಒಡೆಯುವಾಗ ಏನು ಪ್ರಾರ್ಥಿಸಬೇಕು ಎಂದು ಗಂಭೀರವಾಗಿ ಕೇಳಿದನಂತೆ. ಅವನಿಗೆ ಅಲ್ಲಿ ಕಂಡದ್ದೆಲ್ಲವೂ ಭಾರತದ ಪ್ರಾಚೀನ ಪರಂಪರೆಯೇ! ಸುತ್ತಲಿದ್ದವರು ನಕ್ಕರೆಂದು ಹೇಳಿದರು. ನಗುವ ಬದಲು ಉತ್ತರಿಸಲು ಪ್ರಯತ್ನಿಸಿದ್ದರೆ ಅಂದಿನ ಆಟ ಅಲ್ಲಿಗೇ ನಿಲ್ಲುತ್ತಿತ್ತು.

ಮೊಟ್ಟೆಗಿಂತಲೂ ದೊಡ್ಡ ಶತ್ರು ಧ್ವನಿವರ್ಧಕ. ಬೆಳ್ತಂಗಡಿಯ ಆ ಮನೆಯಲ್ಲಿ ವೊವಿಯೊ ಬಲ್ಲವರು ಉಳಿದಿದ್ದುದು ಮೂವರು, ಮೂವರೂ ಎಪ್ಪತ್ತು ದಾಟಿದವರು. ನಾಲ್ಕಾರು ಹಾಡು ಮುಗಿಯುವಷ್ಟರಲ್ಲಿ ಬಾಡಿಗೆಗೆ ತಂದ ಧ್ವನಿವರ್ಧಕದ ಹುಡುಗರು ತಮ್ಮ ಸಮಯವಾಯಿತೆಂದು ಸಿನಿಮಾ ಹಾಡು ತೊಡಗಿಸಿಬಿಟ್ಟರು. ಮೂವರ ದನಿ ಮುಳುಗಿಹೋಯಿತು. ಆದರೂ ತುಟಿಗಳು ಆಡುತ್ತಲೇ ಇದ್ದವು; ಎಣ್ಣೆ ಹಚ್ಚುವವರ ಸಾಲು ಮುಗಿಯುವ ತನಕ ಹಾಡನ್ನು ನಿಲ್ಲಿಸಬಾರದೆಂಬುದು ಅವರ ನಿಷ್ಠೆ. ಆಗ ಆ ಕಥೋಲಿಕ ಜರ್ಮನ್ ಮಹಿಳೆ ಎದ್ದುಹೋಗಿ ಅಜ್ಜಿಯ ಪಕ್ಕದಲ್ಲಿ, ಕಿವಿ ಆಕೆಯ ಬಾಯಿಗೆ ತಾಗುವಷ್ಟು ಹತ್ತಿರದಲ್ಲಿ, ಚಾಪೆಯ ಮೇಲೆ ಕುಳಿತಳು. ಅದನ್ನು ಕಂಡ ಮದುಮಗಳ ತಂದೆ ಧ್ವನಿವರ್ಧಕವನ್ನು ನಿಲ್ಲಿಸಿಸಿದರು. ಅತಿಥಿಗೆ ಕೇಳಿಸಲಿ ಎಂದು ನಿಲ್ಲಿಸಿದರು. ಮಗಳಿಗೆ ಕೇಳಿಸಲಿ ಎಂದು ಮೊದಲೇ ನಿಲ್ಲಿಸಬಹುದಿತ್ತಲ್ಲ ಎಂಬ ಮಾತನ್ನು ಅಂದು ಯಾರೂ ಆಡಲಿಲ್ಲ. ಇಲ್ಲಿ ಆಡುವುದರಲ್ಲಿ ತಪ್ಪಿಲ್ಲವೆಂದು ಭಾವಿಸುತ್ತೇನೆ. ರೋಸ್ ನಡೆಯುವುದು ಅತಿಥಿಗೆ ತೋರಿಸಲೆಂದಲ್ಲ. ತವರನ್ನು ಬಿಟ್ಟುಹೋಗುವ ಹುಡುಗಿಗಾಗಿ ಅದು ನಡೆಯುತ್ತದೆ.

ಎಣ್ಣೆ ಹಚ್ಚುವ ಸರದಿ ವಿದೇಶಿ ಮಹಿಳೆಯರಿಗೂ ಬಂತು. ಅಜ್ಜಿ ಅವರಿಬ್ಬರ ಹೆಸರನ್ನು ವಿಚಾರಿಸಿ ತಿಳಿದು, ತನಗೆ ನಿಲುಕಿದಂತೆ ಉಚ್ಚರಿಸಿ, ಸಮುದ್ರ ದಾಟಿ ಬಂದ ಮಕ್ಕಳೆಂದು ಎರಡು ಸಾಲನ್ನು ಅಲ್ಲಿಯೇ ಕಟ್ಟಿ ಹಾಡಿಗೆ ಸೇರಿಸಿದರು. ಪುಸ್ತಕದಲ್ಲಿ ಅಚ್ಚಾದ ವೊವಿಯೊ ನೋಡಿ ಹಾಡುವವರಿಂದ ಇದು ಆಗದು. ನಮ್ಮ ಧರ್ಮಕೇಂದ್ರಗಳ ಸ್ತ್ರೀ ಸಂಘಟನೆಗಳು ವೊವಿಯೊ ಸ್ಪರ್ಧೆಗಳನ್ನು ಏರ್ಪಡಿಸುತ್ತಿರುವುದು ಸಂತೋಷದ ವಿಷಯ. ಆದರೆ ವೇದಿಕೆಯಲ್ಲಿ ಒಂದೇ ಬಣ್ಣದ ಸೀರೆಯುಟ್ಟು ಕಂಠಪಾಠ ಒಪ್ಪಿಸುವುದು ಬೇರೆ, ಎದುರಿಗೆ ಕುಳಿತ ಮದುಮಗಳ ಮುಖ ನೋಡಿ ಹಾಡು ಕಟ್ಟುವುದು ಬೇರೆ. ಎರಡನೆಯದನ್ನು ಕಲಿಯಬೇಕಾದರೆ ಬಲ್ಲ ಹಿರಿಯರ ಮಗ್ಗುಲಲ್ಲಿ ಚಾಪೆಯ ಮೇಲೆ ಕುಳಿತುಕೊಳ್ಳಬೇಕು.

ಇಗರ್ಜಿಯೊಳಗಿನ ವಿಷಯವನ್ನೂ ಸ್ವಲ್ಪ ವಿಚಾರಿಸುವುದು ಒಳ್ಳೆಯದು, ಏಕೆಂದರೆ ಅಲ್ಲಿ ಆತಿಥೇಯರಿಗೆ ಹೆಚ್ಚು ಮುಜುಗರವಾಗುವುದುಂಟು. ವಿವಾಹದ ಬಲಿಪೂಜೆಯಲ್ಲಿ ಪರಮಪ್ರಸಾದದ ಹೊತ್ತಿಗೆ ಎಲ್ಲರೂ ಏಳುವುದನ್ನು ಕಂಡು ಕಥೋಲಿಕರಲ್ಲದ ಅತಿಥಿಯೂ ಸಾಲಿನಲ್ಲಿ ನಿಲ್ಲುತ್ತಾನೆ. ಅವನ ಮನಸ್ಸಿನಲ್ಲಿ ಇರುವುದು ಗೌರವವೇ. ಗುರುಗಳ ಮುಂದೆ ಬಂದ ಮೇಲೆ ಅವನನ್ನು ತಡೆದರೆ ಅವಮಾನ. ತಡೆಯದಿದ್ದರೆ ಧರ್ಮಸಭೆಯ ನಿಯಮಕ್ಕೆ ಭಂಗ. 1983ರ ಧರ್ಮಸಭಾ ಕಾನೂನು ಸಂಹಿತೆಯ 844ನೆಯ ವಿಧಿಯಂತೆ ಕಥೋಲಿಕ ಗುರುಗಳು ಸಾಮಾನ್ಯವಾಗಿ ಕಥೋಲಿಕರಿಗೆ ಮಾತ್ರ ಈ ಸಂಸ್ಕಾರವನ್ನು ನೀಡಬಹುದು. ಅಪವಾದಗಳು ಅಲ್ಲಿಯೇ ಸ್ಪಷ್ಟವಾಗಿ ಹೇಳಲ್ಪಟ್ಟಿವೆ, ಮದುವೆಯ ನೆಂಟಸ್ತಿಕೆ ಅವುಗಳಲ್ಲಿ ಸೇರಿಲ್ಲ. ಇದನ್ನು ಸಾಲಿನಲ್ಲಿ ಹೇಳುವ ಬದಲು ಹಿಂದಿನ ದಿನ ಮನೆಯಲ್ಲಿ ಹೇಳಿದರೆ ಯಾರಿಗೂ ನೋವಾಗುವುದಿಲ್ಲ. ಆ ಲೂಥರನ್ ಮಹಿಳೆಗೆ ಮದುಮಗಳೇ ಮುಂಚಿತವಾಗಿ ವಿಷಯ ತಿಳಿಸಿದ್ದಳು. ಎಲ್ಲರೂ ಎದ್ದುಹೋದಾಗ ಆಕೆ ತನ್ನ ಆಸನದಲ್ಲಿಯೇ ಮೊಣಕಾಲೂರಿ ಪ್ರಾರ್ಥಿಸಿದಳು.

ಅದೇ ವೇಳೆ, ಅತಿಥಿಯನ್ನು ಅನಗತ್ಯವಾಗಿ ದೂರವಿರಿಸುವುದೂ ಸಲ್ಲ. ವಿವಾಹಕ್ಕೆ ಇಬ್ಬರು ಸಾಕ್ಷಿಗಳು ಬೇಕಷ್ಟೆ. ಇತರ ಕ್ರೈಸ್ತಸಭೆಗಳ ಸದಸ್ಯರೂ ಕಥೋಲಿಕ ವಿವಾಹದಲ್ಲಿ ಸಾಕ್ಷಿಗಳಾಗಿ ನಿಲ್ಲಬಹುದೆಂದು 1993ರಲ್ಲಿ ವ್ಯಾಟಿಕನ್ ಹೊರಡಿಸಿದ ಕ್ರೈಸ್ತೈಕ್ಯ ನಿರ್ದೇಶಿಕೆ ಹೇಳುತ್ತದೆ. ಆದ್ದರಿಂದ ಇಂತಹ ಆಪ್ತ ಗೆಳೆಯನನ್ನು ಧೆಡೊ ಆಗಿ ನಿಲ್ಲಿಸಲು ಬಯಸುವವರು ಧರ್ಮಗುರುಗಳೊಂದಿಗೆ ಮಾತಾಡಲು ಹಿಂಜರಿಯಬಾರದು. ಪೂಜೆ ಕೊಂಕಣಿಯಲ್ಲಿಯೋ ಕನ್ನಡದಲ್ಲಿಯೋ ಇದ್ದರೆ, ವಾಚನಗಳೂ ವಿವಾಹದ ಪ್ರತಿಜ್ಞೆಯೂ ಅವರ ಭಾಷೆಯಲ್ಲಿ ಅಚ್ಚಾದ ಒಂದು ಹಾಳೆಯನ್ನು ಕೈಗಿತ್ತರೆ ಸಾಕು. ಛಾಯಾಚಿತ್ರದ ಹುಚ್ಚಿನ ವಿಷಯದಲ್ಲಿ ಮಾತ್ರ ವಿದೇಶೀಯರನ್ನು ದೂರುವಂತಿಲ್ಲ. ಬಲಿಪೀಠದ ಮೆಟ್ಟಿಲೇರಿ ಗುರುಗಳ ಮುಖಕ್ಕೆ ದೀಪ ಹಿಡಿಯುವವರು ನಾವೇ ಸಂಬಳ ಕೊಟ್ಟು ಕರೆತಂದವರು.

ಹಣ ತೆತ್ತು ಅಪರಿಚಿತರ ಮದುವೆಗೆ ಹಾಜರಾಗುವ ಅವಕಾಶವನ್ನು ವಿದೇಶಿ ಪ್ರವಾಸಿಗರಿಗೆ ಮಾರುವ ಅಂತರಜಾಲದ ವ್ಯವಹಾರವೊಂದು 2016ರಲ್ಲಿ ನಮ್ಮ ದೇಶದಲ್ಲಿ ಆರಂಭವಾಯಿತು. ಮದುವೆಯ ಖರ್ಚಿಗೆ ನೆರವಾಗುತ್ತದೆಂದು ಸಮರ್ಥಿಸುವವರೂ ಇದ್ದಾರೆ. ಕೂಲಿ ಮಾಡಿ ಮಗಳ ಮದುವೆ ನಡೆಸುವವರ ಕಷ್ಟ ಅರಿಯದೆ ತೀರ್ಪು ಕೊಡುವುದು ಸುಲಭ. ಆದರೆ ಚೀಟಿ ಕೊಂಡು ಬಂದವನು ಪ್ರೇಕ್ಷಕ; ಪ್ರೇಕ್ಷಕನಿಗೆ ಹಿತ್ತಲಿನ ತುರಿಮಣೆಯ ಬಳಿ ಕೂರುವ ಹಕ್ಕೂ ಇಲ್ಲ, ಹಂಗೂ ಇಲ್ಲ.

ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿಯೂ ಅತಿಥಿಯೇ ಆಗಿದ್ದರು ಎಂಬುದನ್ನು ಸಂತ ಯೊವಾನ್ನರ ಶುಭಸಂದೇಶ ಓದುವಾಗ ನಾವು ಅಷ್ಟಾಗಿ ಗಮನಿಸುವುದಿಲ್ಲ. ಶಿಷ್ಯರೊಂದಿಗೆ ಆಹ್ವಾನಿತರಾಗಿ ಬಂದಿದ್ದರು. ದ್ರಾಕ್ಷಾರಸ ಮುಗಿದುದನ್ನು ಮೊದಲು ಕಂಡವರು ಮಾತೆ ಮರಿಯಮ್ಮನವರು, ಅವರೂ ಅತಿಥಿಯೇ. ಔತಣದ ಮೇಲ್ವಿಚಾರಕನಿಗೆ ರಸ ಎಲ್ಲಿಂದ ಬಂತೆಂದು ತಿಳಿಯಲಿಲ್ಲ, ಆರು ಕಲ್ಲಿನ ಬಾನೆಗಳಿಗೆ ನೀರು ಹೊತ್ತ ಸೇವಕರಿಗೆ ಮಾತ್ರ ತಿಳಿದಿತ್ತು ಎಂದು ಶುಭಸಂದೇಶಕಾರರು ವಿಶೇಷವಾಗಿ ಹೇಳಿದ್ದಾರೆ. ಮದುವೆಯ ಮನೆಯ ನಿಜವಾದ ಸುದ್ದಿ ಅಡುಗೆಮನೆಯ ಕಡೆಯಲ್ಲಿರುತ್ತದೆಂಬುದು ಅಂದಿಗೂ ನಿಜವಾಗಿತ್ತು.

ಇನ್ನುಳಿದದ್ದು ಸಾಡೊ. ವರನ ಕಡೆಯವರು ವಧುವಿಗೆ ಕೊಡುವ ಕೆಂಪು ಬಣ್ಣದ ಜರಿಯ ಸೀರೆಯಿದು. ಬಿಳಿಯ ಗೌನಿನಲ್ಲಿ ಇಗರ್ಜಿಗೆ ಬಂದ ಹುಡುಗಿ ಸತ್ಕಾರಕೂಟದ ಕೊನೆಗೆ ಒಳಹೋಗಿ ಸಾಡೊ ಉಟ್ಟು ಬರುತ್ತಾಳೆ. ಬಳಿಕ ವಧುವನ್ನು ವರನ ಮನೆಯವರ ಕೈಗೆ ಒಪ್ಪಿಸುವ ಕ್ರಮ. ಎರಡು ಕಡೆಯ ಹಿರಿಯರು ಎದುರುಬದುರಾಗಿ ನಿಂತು, ನಮ್ಮ ಮಗಳನ್ನು ನಿಮ್ಮ ಮಗಳಾಗಿ ನೋಡಿಕೊಳ್ಳಿ ಎಂದು ಮಾತು ಪಡೆದು ಕೈಗೆ ಕೈ ಕೊಡುತ್ತಾರೆ. ಅಷ್ಟರಲ್ಲಿ ಬ್ಯಾಂಡಿನವರು ವಾದ್ಯಗಳನ್ನು ಕಟ್ಟಿಡುತ್ತಿರುತ್ತಾರೆ, ಊಟ ಮುಗಿಸಿದ ನೆಂಟರಲ್ಲಿ ಮುಕ್ಕಾಲು ಪಾಲು ಹೊರಟುಹೋಗಿರುತ್ತಾರೆ, ಅತಿಥಿಗಳನ್ನು ಹೋಟೆಲಿಗೆ ಒಯ್ಯಬೇಕಾದ ಕಾರು ಬಾಗಿಲಲ್ಲಿ ಕಾದಿರುತ್ತದೆ. ಕೇಕು ಕತ್ತರಿಸುವುದನ್ನು ಮುಂದಿನ ಸಾಲಿನಲ್ಲಿ ಕುಳಿತು ನೋಡಿದ ವಿದೇಶಿ ಅತಿಥಿಗೆ ಇದನ್ನು ನೋಡುವ ಯೋಗ ಬರುವುದೇ ಇಲ್ಲ. ಅವರಿಗೆ ಆಮಂತ್ರಣ ಕಳುಹಿಸುವ ಮನೆಗಳು ಪತ್ರಿಕೆಯ ಜೊತೆಗೆ ಎರಡು ಸಾಲು ಬರೆದರೆ ಒಳಿತು: ಮದುವೆಯ ಹಿಂದಿನ ಮಧ್ಯಾಹ್ನದೊಳಗೆ ಮನೆಗೆ ಬನ್ನಿ, ಮದುವೆಯ ದಿನ ಕಾರಿನವನಿಗೆ ಅವಸರ ಮಾಡಬೇಡವೆಂದು ನಾವು ಹೇಳುತ್ತೇವೆ.